ಕೊನೆಯ ಕೆಂಪು ಕಂಬಿ

ಅಪ್ಪಾ,

ಇವತ್ತು ನಿನ್ನ ಅಳಿಯ ಆರೆ ನದಿಯಲ್ಲಿ ಈಜಿದ. "ಸ್ನಾನದ ತೊಟ್ಟೀಲೂ ಮುಳುಗೋ ಗಂಡು" ಎಂದು ನೀನು ನಕ್ಕಿದ್ದೆಯಲ್ಲ, ಅದೇ ಎಲೋಯ್. ಮದುವೆಗೆ ನೀನು ಬರಲಿಲ್ಲ. ಎಲೆ ಉದುರುವ ಹೊತ್ತಿಗೆ ತೀರಿಕೊಂಡೆ. ಇವನು ಮಾತ್ರ ಚಳಿಗಾಲವಿಡೀ ಮ್ಯಾಡ್ರಿಡ್ಡಿನ ಕೊಳದಲ್ಲಿ ಪುಟ್ಟ ಮಕ್ಕಳ ಸಾಲಿನಲ್ಲಿ ನಿಂತು ಈಜು ಕಲಿತ. ಬೇಸಿಗೆ ರಜೆಗೆ ಎಲ್ಲಿಗೆ ಎಂದರೆ, "ಬರ್ನ್‌ಗೆ. ನಿಮ್ಮಪ್ಪನ ನದಿಗೆ" ಎಂದ.

ಬರಿಗಾಲಲ್ಲಿ ದಡದುದ್ದಕ್ಕೂ ಮೇಲಕ್ಕೆ ನಡೆದು, ದಾರಿಯಲ್ಲಿ ಚೆರ್ರಿ ತಿಂದು ಬೀಜ ಉಗಿದು, ಇಬ್ಬರೂ ಧುಮುಕಿದೆವು. ಅರ್ಧ ಊರೇ ನೀರಿನಲ್ಲಿ ತೇಲುತ್ತಿತ್ತು. ದಡ ಹತ್ತಲು ಹಿಡಿಯುವ ಕೆಂಪು ಕಂಬಿ ಬಂದಾಗ ಇವನು ಪಕ್ಕದ ಅಜ್ಜಿಗೆ "ನೀವು ಮೊದಲು" ಎಂದು ಜಾಗ ಬಿಟ್ಟ! ಹೊಳೆ ಅವನನ್ನು ಎಳೆದುಕೊಂಡು ಹೋಯಿತು. ಮುಂದೆ ಉಳಿದದ್ದು ಒಂದೇ ಕಂಬಿ, ಆಮೇಲೆ ಅಣೆಕಟ್ಟು. ನಾನೂ ಹಿಂದೆಯೇ ಹೋದೆ.

"ಮರ್ಯಾದೆ ಎಲ್ಲಾ ದಡ ಹತ್ತಿದ್ಮೇಲೆ ಇಟ್ಕೊಳ್ಳಪ್ಪ, ಮೊದ್ಲು ಕಂಬಿ ಹಿಡಿ!" ಎಂದು ಅಜ್ಜಿ ಕಿರುಚಿದಳು.

ಹಿಡಿದ, ಅಪ್ಪಾ. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದನ್ನು ನನಗೆ ಚಾಚಿದ, ಥೇಟ್ ನೀನು ಚಾಚುತ್ತಿದ್ದ ಹಾಗೆ.

ಅಜ್ಜಿ ಓಡಿ ಬಂದು ಅವನ ಬೆನ್ನಿಗೊಂದು ಗುದ್ದಿದಳು. "ಯಾರ ಮನೆಯವನಮ್ಮ ಇವನು?"

ಎದೆಯುಬ್ಬಿಸಿ ನಿನ್ನ ಹೆಸರು ಹೇಳಿದೆ.

"ನಮ್ಮ ಉರ್ಸ್‌ನ ಅಳಿಯನಾ! ಮತ್ತೆ ಅವನೆಲ್ಲೇ? ನಾಳೆ ಅವನನ್ನೂ ಕರ್ಕೊಂಡು ಬಾ."

"ಆಯ್ತು" ಎಂದೆ.