ಪಾತ್ರೆ ಯಾಜಕರಿಗೆ ಮಾತ್ರ

ಫೆಬ್ರುವರಿ 3, ಸೋಮವಾರ

ಇಂದು ಚರ್ಚಿಗೆ ಆರು ನೂರು ಓಸ್ತಿ ಸುಡಬೇಕಿತ್ತು. ಹಿಟ್ಟು ನೀರಾಗಿತ್ತು, ಮೊದಲ ನಾಲ್ಕು ಹಾಳೆ ಸೀದು ಹೋದವು. ಪೂಜೆಯಲ್ಲಿ ಕ್ರಿಸ್ತನ ಶರೀರವಾಗಬೇಕಾದ ರೊಟ್ಟಿ ಸೀದ ವಾಸನೆ ಹೊಡೆದರೆ ನಡೆಯುತ್ತದೆಯೇ? ಎಸೆದು ಮತ್ತೆ ಕಲಸಿದೆ.

ಹೊಸ ಫಾದರ್ ಹೇಳಿ ಕಳಿಸಿದ್ದಾರೆ — ಸ್ವಲ್ಪ ದಪ್ಪ ಮಾಡಿ, ಜನಕ್ಕೆ ನಿಜವಾದ ರೊಟ್ಟಿ ತಿಂದ ಹಾಗೆ ಅನ್ನಿಸಲಿ. ಬಂದು ಎಂಟು ತಿಂಗಳು. ನಾನು ಸುಡಲು ಶುರು ಮಾಡಿ ಇಪ್ಪತ್ತೆರಡು ವರ್ಷ. ಸಿಸ್ಟರುಗಳು ಮಠ ಮುಚ್ಚಿ ಹೋಗುವಾಗ ಕಬ್ಬಿಣದ ಅಚ್ಚನ್ನು ನನ್ನ ಕೈಗೆ ಕೊಟ್ಟು ಹೋದರು. ಪೀಠದ ಬಟ್ಟೆ, ಪಾತ್ರೆ, ಮೇಣದ ಬತ್ತಿ, ಎಲ್ಲ ನನ್ನದೇ ಜವಾಬ್ದಾರಿ. ಇವರು ನನಗೆ ದಪ್ಪ ತೆಳು ಕಲಿಸಲು ಬರುತ್ತಾರೆ.

ಎಷ್ಟೆಂದು ಸಹಿಸುವುದು. ಅಮ್ಮನ ಕಾಲಕ್ಕೇ ಲ್ಯಾಟಿನ್ ಪೂಜೆ ಹೋಯಿತು. ಆಮೇಲೆ ಮೊಣಕಾಲೂರುವ ಕಟಕಟೆ ಕಿತ್ತರು. ನಾಲಿಗೆಯ ಮೇಲೆ ಇಡುತ್ತಿದ್ದ ಓಸ್ತಿ ಅಂಗೈಗೆ ಬಂತು. ಎಲ್ಲಕ್ಕೂ ಬಾಯಿ ಮುಚ್ಚಿಕೊಂಡಿದ್ದೆ. ತಡೆದದ್ದು ಒಂದನ್ನೇ. ಆರು ವರ್ಷದ ಹಿಂದೆ ಹಳೇ ಫಾದರ್, ಪೂಜೆಯಲ್ಲಿ ಕ್ರಿಸ್ತನ ರಕ್ತವಾಗುವ ದ್ರಾಕ್ಷಾರಸದ ಪಾತ್ರೆಯನ್ನೂ ಕುಡಿಯಲು ಜನರ ಕೈಗೆ ಕೊಡಲು ಹೊರಟಾಗ ಅರ್ಜಿ ಬರೆದವಳು ನಾನು. ನೂರ ಎಂಬತ್ತನಾಲ್ಕು ಸೈನ್. ಧರ್ಮಾಧ್ಯಕ್ಷರಿಂದ ಆದೇಶವೇ ಬಂತು — ಈ ಚರ್ಚಿನಲ್ಲಿ ಪಾತ್ರೆ ಯಾಜಕರಿಗೆ ಮಾತ್ರ.

ಮೊಮ್ಮಗಳು ಗುಬ್ಬಿ, ಶಾಲೆಯಿಂದ ಬಂದು, ಓಸ್ತಿ ಕತ್ತರಿಸಿ ಉಳಿದ ಅಂಚಿನ ಚೂರುಗಳ ಡಬ್ಬಿ ಹಿಡಿದು ಕೂತಳು. ಅವಳಿಗೆ ಎಂಟು ತುಂಬಿತು, ಆರರ ಹುಡುಗಿಯ ಮೈ. ಮತ್ತೆ ಹೊಟ್ಟೆನೋವು. ಮಗಳು ಯಾವುದೋ ಟೆಸ್ಟ್ ಮಾಡಿಸಿದ್ದಾಳೆ.

ಫೆಬ್ರುವರಿ 11, ಮಂಗಳವಾರ

ರಿಪೋರ್ಟ್ ಬಂತು. ಗುಬ್ಬಿಗೆ ಗೋಧಿ ಆಗುವುದಿಲ್ಲ. ಅದರ ಅಂಟಿನಂಶ ಕರುಳನ್ನು ಒಳಗಿಂದ ಹಾಳು ಮಾಡುತ್ತಿದೆಯಂತೆ. ಔಷಧಿ ಇಲ್ಲ. ಬಿಡುವುದೇ ಔಷಧಿ, ಜೀವನಪೂರ್ತಿ.

ಡಾಕ್ಟರಮ್ಮ ಕೇಳಿದರು, "ದಿನಾ ಏನೇನು ತಿಂತಾಳೆ?"

ಮಗಳು ಪಟ್ಟಿ ಹೇಳಿದಳು. ಕೊನೆಗೆ ನನ್ನ ಕಡೆ ನೋಡದೆ, "ಓಸ್ತಿ ಕತ್ತರಿಸಿದ ಚೂರು. ಅಜ್ಜಿ ಕೊಡ್ತಾರೆ. ಹಲ್ಲು ಬಂದಾಗಿಂದ."

ಕೈಯಾರೆ ಕೊಟ್ಟಿದ್ದೇನೆ. ಅಳುತ್ತಿದ್ದರೆ ಇನ್ನೊಂದು ಹಿಡಿ ಹೆಚ್ಚು. ಯಾರ ಮೇಲೆ ರೇಗುವುದು? ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ರೇಗಿದೆ, ಸ್ಟಾಪಿಗಿಂತ ಮುಂದೆ ನಿಲ್ಲಿಸಿದನೆಂದು.

ಫೆಬ್ರುವರಿ 12

ಅಚ್ಚು, ಹಿಟ್ಟಿನ ಡ್ರಮ್, ಕತ್ತರಿಸುವ ಮೆಷಿನ್, ಎಲ್ಲ ಮಠದ ಖಾಲಿ ಅಡುಗೆಮನೆಗೆ ಸಾಗಿಸಿದೆ. ಮನೆಯ ಗೋಡೆಯನ್ನೂ ಒರೆಸಿದೆ. ಇನ್ನು ಕೆಲಸ ಮುಗಿಸಿ ತಲೆಗೆ ಸ್ನಾನ ಮಾಡದೆ ಮಗುವನ್ನು ಮುಟ್ಟುವ ಹಾಗಿಲ್ಲ. ಮಗಳು ಮಾತಾಡುತ್ತಿಲ್ಲ.

ಫೆಬ್ರುವರಿ 16, ಭಾನುವಾರ

ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋದೆ. ಮೇ ನಾಲ್ಕಕ್ಕೆ ಮಕ್ಕಳ ಪ್ರಥಮ ಪರಮಪ್ರಸಾದ, ಮೊದಲ ಸಲ ಓಸ್ತಿ ತಗೊಳ್ಳುವ ದಿನ. ಹನ್ನೊಂದು ಮಕ್ಕಳಲ್ಲಿ ಗುಬ್ಬಿಯೂ ಒಬ್ಬಳು. ಅವಳಿಗೇನು ಮಾಡುತ್ತೀರಿ ಎಂದು ಕೇಳಿದೆ.

"ಅಂಟು ಕಮ್ಮಿ ಇರೋ ಓಸ್ತಿ ಸಿಗುತ್ತೆ, ತರಿಸೋಣ."

"ಡಾಕ್ಟರ್ ಅದೂ ಬೇಡ ಅಂದ್ರು. ಒಂದು ಚೂರೂ ಆಗಲ್ಲ ಅವಳಿಗೆ."

"ಪೂರ್ತಿ ತೆಗೆದ್ರೆ ಅದು ರೊಟ್ಟಿ ಅನ್ನಿಸಿಕೊಳ್ಳಲ್ಲ. ಗೋಧಿ ಇರ್ಲೇಬೇಕು. ಅದು ನಿಮಗೆ ಗೊತ್ತಲ್ಲಮ್ಮ."

ಗೊತ್ತು. ಅಕ್ಕಿಯಲ್ಲಿ ಮಾಡಿದರೆ ಯಾವ ಯಾಜಕ ಯಾವ ಮಂತ್ರ ಹೇಳಿದರೂ ಅದು ಅಕ್ಕಿಯಾಗಿಯೇ ಉಳಿಯುತ್ತದೆ. ಇದನ್ನು ಎಷ್ಟು ಮಕ್ಕಳಿಗೆ ನಾನೇ ಪಾಠ ಹೇಳಿದ್ದೇನೆ.

"ಸ್ವಲ್ಪ ದೊಡ್ಡವಳಾಗ್ಲಿ, ಕಾಯೋಣ," ಎಂದರು.

ಪಿತ್ತ ನೆತ್ತಿಗೇರಿತು. ಏನನ್ನು ಕಾಯುವುದು? ಅವಳ ಕರುಳು ಬದಲಾಗುವುದನ್ನೋ, ಗೋಧಿ ಬದಲಾಗುವುದನ್ನೋ? ಅಷ್ಟೂ ಬಾಯಿಬಿಟ್ಟು ಅಂದೆ. ಫಾದರ್ ಕನ್ನಡಕ ತೆಗೆದು ಒರೆಸಿದರು.

"ದಾರಿ ಇದೆ. ರೊಟ್ಟಿ ಆಗದವರಿಗೆ ದ್ರಾಕ್ಷಾರಸ ಮಾತ್ರ ಕೊಡಬಹುದು. ಅದರಲ್ಲಿ ಕ್ರಿಸ್ತ ಪೂರ್ತಿ ಇದ್ದಾರೆ, ಏನೂ ಕಮ್ಮಿ ಇಲ್ಲ. ಆದ್ರೆ..." ಎಂದು ಕಪಾಟಿನಿಂದ ಫೈಲ್ ತೆಗೆದರು. ಮೇಲಿನ ಹಾಳೆ ನನ್ನ ಕೈಬರಹ.

"ನಿಮ್ಮ ಅರ್ಜಿ ಇದು. ಇದರ ಮೇಲೆ ಆದೇಶ ಬಂದಿದೆ. ಧರ್ಮಾಧ್ಯಕ್ಷರಿಗೆ ಮತ್ತೆ ಜಗಳ ಬೇಡ. ಸೈನ್ ಹಾಕಿದವರು ನಮ್ಮ ತಕರಾರಿಲ್ಲ ಅಂತ ಬರೆದುಕೊಟ್ರೆ ನಾನು ಕಳಿಸ್ತೀನಿ."

ನನ್ನ ಅಕ್ಷರ ಎಷ್ಟು ಚೆನ್ನಾಗಿತ್ತು ಆಗ. ಪ್ರತಿ ಸಾಲಿನ ಕೆಳಗೂ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೇನೆ.

ಫೆಬ್ರುವರಿ 20, ಗುರುವಾರ

ಇದನ್ನು ಬರೆಯಬಾರದು. ಬರೆಯುತ್ತೇನೆ.

ಹೊಸ ತವಾ ಕೊಂಡೆ. ಅಕ್ಕಿ ಹಿಟ್ಟು ಕಲಸಿದೆ. ಮೂರು ಸಲ ಒಡೆಯಿತು, ನಾಲ್ಕನೆಯದು ಬಂತು. ಬಟ್ಟಲು ಕವುಚಿ ದುಂಡಗೆ ಕತ್ತರಿಸಿದೆ. ಬಿಳಿ, ತೆಳು, ನಯ. ತಟ್ಟೆಯಲ್ಲಿ ಉಳಿದವುಗಳ ಪಕ್ಕ ಇಟ್ಟರೆ ಫಾದರಿಗಿರಲಿ, ಧರ್ಮಾಧ್ಯಕ್ಷರಿಗೂ ಗುರುತು ಸಿಗದು. ತಟ್ಟೆ ಜೋಡಿಸುವವಳು ನಾನೇ. ಪುಟ್ಟ ಡಬ್ಬಿಯಲ್ಲಿ ಬೇರೆ ಇಟ್ಟು, ಇದು ಆ ಅಂಟು ಕಮ್ಮಿಯದು ಫಾದರ್, ಡಾಕ್ಟರ್ ಕೊನೆಗೆ ಒಪ್ಪಿದರು ಎಂದರೆ ಮುಗಿಯಿತು. ಯಾರ ಕೈಕಾಲೂ ಹಿಡಿಯಬೇಕಿಲ್ಲ. ಗುಬ್ಬಿ ಬಿಳಿ ಫ್ರಾಕ್ ತೊಟ್ಟು ಎಲ್ಲರ ಜೊತೆ ಕೈಯೊಡ್ಡುತ್ತಾಳೆ. ಫೋಟೋ ಬರುತ್ತದೆ.

ಆದರೆ ಅವಳ ಬಾಯಲ್ಲಿ ಇರುವುದು ಬರೀ ಹಪ್ಪಳ. "ಕ್ರಿಸ್ತನ ಶರೀರ" ಎಂದಾಗ ಅವಳು "ಆಮೆನ್" ಎನ್ನುತ್ತಾಳೆ. ಆ ಆಮೆನ್ ಸುಳ್ಳು ಎಂದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿರುತ್ತದೆ. ಪ್ರತಿ ಭಾನುವಾರ. ಸಾಯುವವರೆಗೂ.

ಪುಡಿ ಮಾಡಿ ಸಿಂಕಿಗೆ ಸುರಿದೆ. ಸಿಟ್ಟು ಬರುತ್ತಿದೆ. ಇಂಥ ನಿಯಮ ಮಾಡಿದವರ ಮೇಲೆ, ಅದನ್ನು ನಂಬುವ ನನ್ನ ಮೇಲೆ.

ಮಾರ್ಚ್ 2, ಭಾನುವಾರ

ಹೊಸ ಹಾಳೆ ಹಿಡಿದು ಹೊರಟೆ. ಆರು ವರ್ಷದಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರು ಮನೆ ಬದಲಿಸಿದ್ದಾರೆ. ಉಳಿದವರು ನೂರಿಪ್ಪತ್ತರ ಮೇಲೆ.

ಟೈಲರಮ್ಮ ಹೊಲಿಗೆ ಮೆಷಿನ್ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ದೇವರ ರಕ್ತ ಏನು ಟೀ ಅಂಗಡಿ ಲೋಟಾನಾ, ಎಲ್ಲರೂ ಬಾಯಿಡೋಕೆ ಅಂದಿದ್ರಿ. ಇದೇ ಸ್ಟೂಲ್ ಮೇಲೆ ಕೂತು."

"ಅಂದಿದ್ದೆ."

"ಈಗ ಟೀ ಅಂಗಡಿ ಆಯ್ತಾ?"

"ಮಗುಗೋಸ್ಕರ ಕೇಳ್ತಿದೀನಿ ಕಣಮ್ಮ."

"ಸೈನ್ ಹಾಕ್ತೀನಿ. ನೀವು ಇಷ್ಟು ಮೆತ್ತಗೆ ಮಾತಾಡೋದನ್ನ ನೋಡ್ಬೇಕಿತ್ತು, ಅದಕ್ಕೆ." ಎಂದು ನಕ್ಕಳು.

ನಗಲಿ. ಹನ್ನೆರಡು ಮನೆ, ಒಂಬತ್ತು ಸೈನ್. ಎಲ್ಲರ ಬಾಯಲ್ಲೂ ನನ್ನದೇ ಮಾತು, ಅಕ್ಷರ ತಪ್ಪದೆ. ಒಬ್ಬರಿಗೆ ಬಾಗಿಲು ತೆಗೆದರೆ ಊರೇ ನುಗ್ಗುತ್ತದೆ ಎಂದಿದ್ದೆನಂತೆ. ಬಣ್ಣ ಹಚ್ಚಿದ ತುಟಿಗಳೆಲ್ಲ ಪಾತ್ರೆಗೆ ತಾಗುತ್ತವೆ ಎಂದಿದ್ದೆನಂತೆ. ಧರ್ಮೋಪದೇಶ ಯಾರೂ ನೆನಪಿಡುವುದಿಲ್ಲ, ನನ್ನ ನಾಲಿಗೆಯನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿದ್ದಾರೆ ಹಾಳಾದವರು.

ಮಾರ್ಚ್ 9, ಭಾನುವಾರ

ಎಂಬತ್ತೆಂಟು ಸೈನ್ ಆದವು. ಹೆಡ್ಮಾಸ್ಟರ್ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅರ್ಜಿಯಲ್ಲಿ ಮೊದಲ ಸೈನ್ ಅವರದ್ದು. ರಿಟೈರ್ ಆಗಿ ಹತ್ತು ವರ್ಷವಾದರೂ ಎಲ್ಲರಿಗೂ ಹೆಡ್ಮಾಸ್ಟರೇ. ಅವರು ಹಾಕಿದರೆ ಉಳಿದವರು ಹಾಕುತ್ತಾರೆ.

ಕೂರಿಸಿದರು. ನೀರು ಕೊಟ್ಟರು. ಹಾಳೆ ಓದಲಿಲ್ಲ.

"ನನ್ನ ಹೆಂಡ್ತಿಗೆ ಕೊನೇ ತಿಂಗಳು ಗಂಟಲಲ್ಲಿ ಏನೂ ಇಳೀತಿರ್ಲಿಲ್ಲ. ನೆನಪಿದೆಯಾ?"

ನೆನಪಿತ್ತು. ಗಂಟಲಿನ ಕ್ಯಾನ್ಸರ್.

"ಓಸ್ತಿ ನುಂಗೋಕಾಗಲ್ಲ, ಒಂದು ತೊಟ್ಟು ದ್ರಾಕ್ಷಾರಸ ತಂದುಕೊಡ್ತೀನಿ ಅಂದ್ರು ಹಳೇ ಫಾದರ್. ಚಿಕ್ಕ ಪಾತ್ರೆ ಕೇಳಿದ್ರೆ ನೀವು ಬೀರು ಬೀಗ ತೆಗೀಲಿಲ್ಲ. ಆದೇಶ ತೋರಿಸಿದ್ರಿ. ನಾನೇ ಸೈನ್ ಹಾಕಿದ ಅರ್ಜಿ, ನಾನೇನು ಮಾತಾಡ್ಲಿ? ಏನೂ ತಗೊಳ್ಳದೇ ಹೋದಳು."

ಬೀಗದ ಕೈ ಆ ದಿನವೂ ಸೊಂಟದಲ್ಲೇ ಇತ್ತು, ಈಗಲೂ ಇದೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಒಂದು ಕಾಗುಣಿತದ ತಪ್ಪು ತಿದ್ದಿದರು. ಸೈನ್ ಮಾಡಿದರು. ಪೆನ್ನು ವಾಪಸ್ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬಾಗಿಲು ಮುಚ್ಚಿದ್ದರೆ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದೆ. ಸೈನ್ ಮಾಡಿಬಿಟ್ಟರು. ಹಾಳೆ ಹಿಡಿದುಕೊಂಡು ಮನೆಗೆ ನಡೆದು ಬಂದೆ.

ಏಪ್ರಿಲ್ 26, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಒಂದೇ ವಿಷಯ ಬರುತ್ತಿತ್ತು.

ಫಾದರ್ ಕಳಿಸಿದ ಸೈನ್ ಹಾಳೆಗಳಿಗೆ ಇಂದು ಧರ್ಮಾಧ್ಯಕ್ಷರ ಪತ್ರ ಬಂದಿದೆ. ಎರಡು ಪುಟ ಪೀಠಿಕೆ, ಕೊನೆಗೆ ಒಂದು ಸಾಲು. ಸದರಿ ಬಾಲಕಿಗೆ ಮಾತ್ರ, ಬೇರಾರಿಗೂ ಅಲ್ಲ, ದ್ರಾಕ್ಷಾರಸದ ರೂಪದಲ್ಲಿ ಪರಮಪ್ರಸಾದ ಕೊಡಬಹುದು. ಬಾಲಕಿಗೆ "ಸದರಿ". ಅವಳಿಗೆ ಹೆಸರಿಲ್ಲವೇನು?

ಸಿಕ್ಕಿತಲ್ಲ, ಸಾಕು. ಫಾದರಿಗೆ ಚಿಕ್ಕ ಪಾತ್ರೆಯ ವಿಷಯ ಹೇಳಿಕೊಟ್ಟೆ. ಅವರು ಪೂಜೆಯಲ್ಲಿ ಓಸ್ತಿ ಮುರಿದು ಒಂದು ಚೂರನ್ನು ತಮ್ಮ ಪಾತ್ರೆಗೆ ಹಾಕುತ್ತಾರೆ. ಹಾಗಾಗಿ ಆ ಪಾತ್ರೆ ಗುಬ್ಬಿಗೆ ವಿಷ. ಅವಳದು ಬೇರೆಯೇ ಇರಬೇಕು, ಮುಚ್ಚಿಟ್ಟು, ದೂರದಲ್ಲಿ. ಓಸ್ತಿ ಮುಟ್ಟಿದ ಕೈ ತೊಳೆದು ಹಿಡಿಯಬೇಕು.

"ನಾನು ಮರೆತ್ರೆ ನೆನಪಿಸಿ," ಎಂದರು.

"ಮರೀಬೇಡಿ," ಎಂದೆ.

ಮಗಳು ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿದಳು. ಎರಡು ತಿಂಗಳ ಮೇಲೆ ಮೊದಲ ಸಲ.

ಮೇ 3, ಶನಿವಾರ. ಸಂಜೆ

ಗುಬ್ಬಿ ಒಲ್ಲೆ ಅನ್ನುತ್ತಿದ್ದಾಳೆ.

ಚರ್ಚಿನಲ್ಲಿ ಇಂದು ರಿಹರ್ಸಲ್. ಹತ್ತು ಮಕ್ಕಳು ಸಾಲಾಗಿ ಬಂದು ಕೈಯೊಡ್ಡಿದರು. ಗುಬ್ಬಿಯ ಸರದಿ ಬಂದಾಗ ಫಾದರ್ ಖಾಲಿ ಪಾತ್ರೆ ಮುಂದೆ ಹಿಡಿದರು. ಅವಳು ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಳು. ಫಾದರ್ ಬಗ್ಗಿ ಏನೋ ಹೇಳಿದರು. ಓಡಿ ಹೊರಗೆ ಬಂದಳು.

ಮನೆಗೆ ಬಂದು ಮಂಚದ ಕೆಳಗೆ ಸೇರಿಕೊಂಡಳು. ನಾನೂ ನೆಲಕ್ಕೆ ಕೂತೆ. ಅರವತ್ತಮೂರರ ಮಂಡಿ.

"ಯಾಕೆ ಬೇಡ ಪುಟ್ಟಾ?"

"ಅದು ಕುಡಿದ್ರೆ ಪಾಪ."

"ಯಾರಂದ್ರು?"

"ನೀನು. ಟೈಲರಜ್ಜಿ ಮೊಮ್ಮಗಳು ಹೇಳಿದ್ಲು. ನಿಮ್ಮಜ್ಜೀನೇ ಹೇಳಿದಾರೆ, ಫಾದರ್ ಬಿಟ್ಟು ಯಾರೂ ಕುಡೀಬಾರ್ದು, ಕುಡಿದ್ರೆ ಅವಮರ್ಯಾದೆ ಅಂತ. ಹೌದಾ ಅಜ್ಜಿ?"

ಸುಳ್ಳು ಹೇಳಬಹುದಿತ್ತು.

"ಹೌದು. ಹೇಳಿದ್ದೆ. ತಪ್ಪು ಹೇಳಿದ್ದೆ."

"ಈಗ ನಂಗೋಸ್ಕರ ತಪ್ಪು ಅಂತಿದೀಯ."

ಎಂಟು ವರ್ಷ. ಯಾವ ವಕೀಲನೂ ಹೀಗೆ ಕುತ್ತಿಗೆ ಹಿಡಿಯುವುದಿಲ್ಲ. ಫಾದರ್ ಹೇಳಿದ್ದು, ಪತ್ರದಲ್ಲಿ ಬಂದದ್ದು, ಕ್ರಿಸ್ತ ಪೂರ್ತಿ ಇರುವುದು, ಎಲ್ಲ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಮಂಚದ ಕೆಳಗಿಂದ ಮಾತು ಬಂತು.

"ನೀನು ಕುಡಿ. ನೀನು ಮೊದ್ಲು ಕುಡಿದ್ರೆ ನಾನೂ ಕುಡೀತೀನಿ."

ಮೊದಲು. ಅದಕ್ಕಿಂತ ಮುಂಚೆ ನಾನು ಓಸ್ತಿ ತಗೊಂಡರೆ ನನ್ನ ಬಾಯಿಯ ಗೋಧಿ ಅವಳ ಪಾತ್ರೆಗೆ. ಅಂದರೆ ನಾನು ಸುಟ್ಟ ರೊಟ್ಟಿ ನಾಳೆ ಊರಿಗೆಲ್ಲ, ನನಗಿಲ್ಲ. ಇರಲಿ. ಆದರೆ ಪತ್ರದಲ್ಲಿ ಸದರಿ ಬಾಲಕಿಗೆ ಮಾತ್ರ ಎಂದಿದೆ, ಬೇರಾರಿಗೂ ಅಲ್ಲ.

ಫಾದರಿಗೆ ಫೋನ್ ಮಾಡಿದೆ.

"ಅದೊಂದು ಆಗಲ್ಲಮ್ಮ. ಪತ್ರ ಮೀರಿದ್ರೆ ನಾಳೆ ನಾನೇ ಉತ್ತರ ಕೊಡ್ಬೇಕಾಗುತ್ತೆ. ಸಮಾಧಾನ ಮಾಡಿ ಕರ್ಕೊಂಡು ಬನ್ನಿ, ಮಗು ಅಲ್ವಾ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ."

ಆರು ವರ್ಷದ ಹಿಂದೆ ನಾನು ಹಳೇ ಫಾದರಿಗೆ ಹೇಳಿದ್ದು ಇದೇ ದನಿಯಲ್ಲಿ. ಫೋನ್ ಕುಕ್ಕಿದೆ.

ಮೇ 4, ಭಾನುವಾರ. ಬೆಳಿಗ್ಗೆ ಆರೂವರೆ

ಪೀಠದ ಪಕ್ಕದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಯಾರೂ ಬಂದಿಲ್ಲ. ಪೂಜೆ ಏಳೂವರೆಗೆ. ಬಟ್ಟೆ ಹಾಸಿದೆ. ಓಸ್ತಿ ಎಣಿಸಿ ತಟ್ಟೆಗೆ ಹಾಕಿದೆ. ಕೈ ಮೂರು ಸಲ ತೊಳೆದೆ, ಉಗುರಿನ ಸಂದಿಗೂ ಬ್ರಶ್ ಹಾಕಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬಾಯಿ ಮುಕ್ಕಳಿಸಿದ್ದೇನೆ.

ಬೀಗ ತೆಗೆದು ಚಿಕ್ಕ ಪಾತ್ರೆ ಹೊರಗಿಟ್ಟೆ. ಬಿಸಿನೀರಲ್ಲಿ ತೊಳೆದೆ. ಒಳಗಿನ ಚಿನ್ನದ ಬಣ್ಣ ಇನ್ನೂ ಹೊಸದರ ಹಾಗಿದೆ, ಯಾರ ಬಾಯೂ ತಾಗದೆ.

ಹೆದರಿಕೆ ಆಗುತ್ತಿಲ್ಲ. ಕೋಪವಂತೂ ಇದೆ. ಫಾದರ್ ಮೇಲೆ, ಎರಡು ಪುಟ ಪೀಠಿಕೆ ಬರೆದವರ ಮೇಲೆ, ಸ್ಕೇಲ್ ಇಟ್ಟು ಗೆರೆ ಎಳೆದ ಆ ಹೆಂಗಸಿನ ಮೇಲೆ. ಗುಬ್ಬಿಯ ಹಿಂದೆ ನಾನೇ ನಿಲ್ಲುತ್ತೇನೆ. ಅವಳ ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬರುತ್ತೇನೆ. ಇಡೀ ಚರ್ಚಿನ ಎದುರು ಫಾದರ್ ಪಾತ್ರೆ ಹಿಂದಕ್ಕೆ ಎಳೆದುಕೊಳ್ಳಲಿ ನೋಡೋಣ. ಹೆಡ್ಮಾಸ್ಟರ್ ಎರಡನೇ ಬೆಂಚಿನಲ್ಲಿ ಕೂರುತ್ತಾರೆ. ನೋಡಲಿ. ಅವರಿಗೆ ನೋಡುವ ಹಕ್ಕಿದೆ.

ಹೊರಗೆ ಮಗಳ ದನಿ, ಗುಬ್ಬಿಯದೂ. ಫ್ರಾಕಿನ ಗುಂಡಿ ಹಾಕಿಸಿಕೊಳ್ಳುತ್ತಿದ್ದಾಳೆ. ಅಜ್ಜಿ ಎಲ್ಲಿ ಎಂದು ಕೇಳುತ್ತಿದ್ದಾಳೆ.

ದ್ರಾಕ್ಷಾರಸ ಹಾಕಬೇಕು. ಒಬ್ಬಳಿಗೆ ಒಂದು ಗುಟುಕು ಸಾಕು, ಜಾಸ್ತಿ ಬೇಡ ಎಂದಿದ್ದಾರೆ ಫಾದರ್. ಒಂದು ಗುಟುಕು ಹಾಕಿದೆ. ಈಗ ಇನ್ನೊಂದು, ನನಗೆ.