ಹಿಡಿಗೆ ಸುತ್ತಿದ ಎಂಟು ಪಟ್ಟಿ

ಮಳವಳ್ಳಿ
ಪಾರ್ಥಿವ ಸಂವತ್ಸರ, ಭಾದ್ರಪದ ಬಹುಳ ಪಂಚಮಿ, ಬುಧವಾರ
೨೬–೯–೧೯೪೫

ಮುತ್ತತ್ತಿಯಲ್ಲಿರುವ ಬಾಲ್ಯಮಿತ್ರ ಹುಚ್ಚೀರಯ್ಯನಿಗೆ ಚಿಕ್ಕಮಾದಯ್ಯನು ಕೈಮುಗಿದು ಬರೆಯುವುದು:

ಎರಡು ವರ್ಷಗಳ ಹಿಂದೆ ನಾನು ನಿನಗೆ ಬರೆದ ಪತ್ರದಲ್ಲಿ ತಪ್ಪಿದೆ. ಅದನ್ನು ಕ್ಷಮಿಸಬೇಕೆಂದು ಮೊದಲು ಬೇಡುತ್ತೇನೆ. ‘ನೀವು ನಮ್ಮ ಗರಡಿಮನೆಗೆ ಮಾಡಿಕೊಟ್ಟ ಬಿಲ್ಲು ಸೊಟ್ಟವಾಗಿದೆ, ಆಷಾಢದಲ್ಲಿ ಹಸಿ ಬಿದಿರನ್ನು ಕಡಿದು ಮಾಡಿರುವಿರಿ, ಇನ್ನು ಮುಂದೆ ನಿಮ್ಮ ಕೈಯ ಬಿಲ್ಲು ನಮಗೆ ಬೇಡ’ ಎಂದು ಬರೆದಿದ್ದೆ. ಬಿಲ್ಲು ಸೊಟ್ಟವಾಗಿಲ್ಲ. ಬಿದಿರು ಹಸಿಯದಾಗಿರಲಿಲ್ಲ. ಐಗಳ ಮಠದಲ್ಲಿ ಒಂದೇ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತ ನಿನ್ನನ್ನು ಆ ಪತ್ರದಲ್ಲಿ ‘ನೀವು’ ಎಂದು ಕರೆದುದೂ ತಪ್ಪೇ.

ಸ್ವಭಾನು ಸಂವತ್ಸರದ ವಿಜಯದಶಮಿಯನ್ನು ನೀನು ಮರೆತಿರಲಾರೆ. ಹುಣಿಸೆಯ ಕೊಂಬೆಗೆ ಕಟ್ಟಿದ ತೆಂಗಿನಕಾಯಿ; ನಲವತ್ತು ಹೆಜ್ಜೆಯ ದೂರ; ನಮ್ಮ ಪಾಲಿಗೆ ಮೂರು ಬಾಣ. ಬಿಲ್ಲು ಹಿಡಿದವನು ಬಂಡೂರಿನ ಕುರಿಗಾರ ದೊಡ್ಡಬೀರಯ್ಯ. ನಮ್ಮ ಗರಡಿಯಲ್ಲಿ ಅವನಿಗಿಂತ ನಿಖರವಾದ ಕಣ್ಣು ಇನ್ನೊಬ್ಬರಿಗಿಲ್ಲ. ಆದರೂ ಮೂರು ಬಾಣಗಳೂ ಕಾಯಿಯ ಎಡಕ್ಕೆ ಗೇಣು ದೂರ ಬಿಟ್ಟು ಹಾದುಹೋದವು. ಸ್ಪರ್ಧೆಗೆ ಬಂದಿದ್ದ ಮದ್ದೂರಿನವರು ಬಿಟ್ಟಾರೆಯೆ?

“ಯಾಕ್ಲಾ ಬೀರಾ, ಕಾಯೇನು ನಿನ್ ಕುರಿಮರಿಯಾ? ನೀನ್ ಬತ್ತೀಯ ಅಂತ ಬಲಕ್ಕೆ ಓಡೋಯ್ತಾ?” ಎಂದು ಒಬ್ಬ ಕೂಗಿದ.

“ನನ್ ಕಣ್ಣು ನೆಟ್ಟಗದೆ ಕಣ್ಲಾ, ಬಿಲ್ಲೇ ವಾಲ್ಕಂಡದೆ” ಎಂದು ದೊಡ್ಡಬೀರಯ್ಯ ಬಿಲ್ಲನ್ನು ನೆಲಕ್ಕೂರಿದ.

ಆಗ ನೀನು ಗುಂಪನ್ನು ಸೀಳಿಕೊಂಡು ಬಂದೆ. ಬಿಲ್ಲನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ, ನನ್ನ ಕಡೆಗೆ ಚಾಚಿದೆ. “ಮಾದಯ್ಯಾ, ಕೈ ಇಡಿಯೋ ಜಾಗದ ಬಟ್ಟೆ ಬಿಚ್ಚಿಸು. ಬೀರ ಇನ್ನೊಂದ್ಸಲ ಒಡೀಲಿ. ಆಮ್ಯಾಕೆ ಬೇಕಾದ್ರೆ ನನ್ನ ಬಯ್ಯಿ” ಎಂದೆ.

ನಾನು ಒಪ್ಪಲಿಲ್ಲ. ಆಯುಧಪೂಜೆಯ ದಿನ ಅರಿಸಿನದಲ್ಲಿ ಅದ್ದಿದ ಹೊಸ ಬಟ್ಟೆಯ ಪಟ್ಟಿಯೊಂದನ್ನು ಬಿಲ್ಲಿನ ಹಿಡಿಗೆ ಸುತ್ತುವುದು, ಸುತ್ತಿದುದನ್ನು ಎಂದಿಗೂ ಬಿಚ್ಚದಿರುವುದು ನಮ್ಮ ಗರಡಿಯ ಕಟ್ಟಳೆ. ವರ್ಷವರ್ಷವೂ ಅದನ್ನು ಸುತ್ತುತ್ತಿದ್ದವನು ನಾನು. ‘ಪೂಜೆಯ ಪಟ್ಟಿಯನ್ನು ಬಿಚ್ಚಬಾರದು’ ಎಂದು ಎಲ್ಲರೆದುರಿಗೂ ಗದರಿಸಿದೆ. ನೀನು ಹೊರಟುಹೋದೆ. ಆ ವಾರವೇ ನಾನು ಪತ್ರ ಬರೆದೆ. ಅದರ ಸುದ್ದಿ ಹಬ್ಬಿ, ನಿಡಘಟ್ಟದವರೂ ಮದ್ದೂರಿನವರೂ ನಿನಗೆ ಮಾಡಲು ಹೇಳಿದ್ದ ಬಿಲ್ಲುಗಳನ್ನು ಬೇಡವೆಂದರು. ನೀನು ಬಿಲ್ಲಿನ ಕೆಲಸವನ್ನೇ ಬಿಟ್ಟು ಹರಿಗೋಲಿನ ಹುಟ್ಟು ಹಿಡಿದೆಯೆಂದು ಕೇಳಿದೆ.

ಇನ್ನು ನಿಜವು ತಿಳಿದ ಬಗೆಯನ್ನು ಹೇಳುತ್ತೇನೆ. ಗರಡಿಯ ಪುಸ್ತಕದಲ್ಲಿ ಪ್ರತಿ ವಿಜಯದಶಮಿಯ ಫಲವನ್ನೂ ಬರೆದಿಡುವವನು ನಾನೇ ಅಲ್ಲವೆ? ಅದನ್ನು ತಿರುವಿಹಾಕುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಮೊದಲ ಮೂರು ವರ್ಷ ಕಾಯಿ ಒಡೆದಿದೆ. ನಾಲ್ಕನೆಯ ವರ್ಷ ಬಾಣ ಕಾಯಿಯ ಎಡಗೆನ್ನೆಯನ್ನು ಸವರಿದೆ. ಆಮೇಲೆ ಎಡಕ್ಕೆ ಎರಡು ಬೆರಳು, ನಾಲ್ಕು ಬೆರಳು; ಕೊನೆಗೆ ಒಂದು ಗೇಣು. ಬಿದಿರು ಹಸಿಯದಾಗಿದ್ದರೆ ಮೊದಲ ಬೇಸಗೆಯಲ್ಲೇ ತಿರುಚಿಕೊಳ್ಳಬೇಕಾಗಿತ್ತು. ಹೀಗೆ ವರ್ಷಕ್ಕಿಷ್ಟು ಎಂದು ಗೊತ್ತುಮಾಡಿಕೊಂಡು ಎಡಕ್ಕೆ ನಡೆಯುವುದೇಕೆ? ವರ್ಷಕ್ಕೊಮ್ಮೆ ಆ ಬಿಲ್ಲಿಗೆ ಆಗುತ್ತಿದ್ದುದಾದರೂ ಏನು?

ಈ ಪ್ರಶ್ನೆಯನ್ನು ನನ್ನ ಹೆಂಡತಿ ಮೀನಾಕ್ಷಮ್ಮನ ಮುಂದಿಟ್ಟೆ. ರಾಗಿ ಕೇರುತ್ತಿದ್ದವಳು ಮೊರವನ್ನು ಕೆಳಗಿಡದೆಯೇ, “ದೇವ್ರಿಗೆ ಉಡ್ಸಿದ್ ಸೀರೆನೇ ಬದಲಾಯಿಸ್ತೀವಿ. ಬಿಲ್ಲಿಗೆ ಮಾತ್ರ ಎಂಟು ವರ್ಸದ್ ಬಟ್ಟೆ ಒಂದರ್ ಮೇಲೊಂದು ಉಡ್ಸಿ ಕೂರ್ಸಿದೀರಲ್ಲ, ಅದ್ಕೆ ಸೆಕೆ ಆಗಲ್ವಾ?” ಎಂದಳು.

ಈ ಗೋಕುಲಾಷ್ಟಮಿಯ ಮರುದಿನ ದೊಡ್ಡಬೀರಯ್ಯನನ್ನು ಕರೆಸಿ, ಗರಡಿಯ ಹಿತ್ತಲಿನಲ್ಲಿ ಹುಲ್ಲಿನ ಕಟ್ಟೊಂದನ್ನು ನಿಲ್ಲಿಸಿದೆ. ಮೊದಲು ಪಟ್ಟಿಗಳು ಇದ್ದಂತೆಯೇ ಮೂರು ಬಾಣ ಬಿಡಿಸಿದೆ. ಮೂರೂ ಎಡಕ್ಕೆ ಹೋದವು. ಆಮೇಲೆ ನಮಸ್ಕರಿಸಿ, ಒಂದೊಂದೇ ಪಟ್ಟಿಯನ್ನು ಬಿಚ್ಚುತ್ತ, ಒಂದೊಂದಕ್ಕೂ ಮೂರು ಬಾಣ ಬಿಡಿಸಿದೆ. ಪ್ರತಿ ಪಟ್ಟಿಗೂ ಬಾಣ ಬಲಕ್ಕೆ ಅಷ್ಟಷ್ಟೇ ಮರಳಿತು. ಎಂಟನೆಯದು ಬಿಚ್ಚಿದ ಮೇಲೆ ಬಿಟ್ಟ ಮೂರು ಬಾಣಗಳನ್ನು ನಾನು ಒಂದೇ ಮುಷ್ಟಿಯಲ್ಲಿ ಹಿಡಿದು ಹುಲ್ಲಿನ ನಡುವಿನಿಂದ ಕಿತ್ತೆ.

ಕಾರಣವನ್ನು ನೀನು ಬಲ್ಲೆ. ನಾನು ಹೊಸದಾಗಿ ಕಲಿತೆ. ಬಾಣವು ಬಿಲ್ಲಿನ ಎಡಮಗ್ಗುಲಿಗೆ ಒರಗಿರುತ್ತದೆ. ಹೆದೆಯಾದರೋ ಬಿಲ್ಲಿನ ನಡುವಿಗೇ ಮರಳುತ್ತದೆ. ಹಿಡಿ ದಪ್ಪವಾದಷ್ಟೂ ಬಾಣದ ಮೂತಿ ಎಡಕ್ಕೆ ಸರಿಯುತ್ತದೆ, ಬಾಲ ಮಾತ್ರ ನಡುವಿನಲ್ಲೇ ಉಳಿಯುತ್ತದೆ. ಇಷ್ಟು ಸಾಲದೆಂದು ಹಿಡಿಯ ಮಗ್ಗುಲಿಗೆ ಒದ್ದೆ ಬೂದಿಯನ್ನು ಬಳಿದು ಪರೀಕ್ಷಿಸಿದೆ. ಬರಿಯ ಹಿಡಿಯಿಂದ ಹೊರಟ ಬಾಣಕ್ಕೆ ಬೂದಿ ಮೆತ್ತಿದ್ದುದು ಮುಂಭಾಗದಲ್ಲಿ ಮಾತ್ರ, ಗರಿಗಳು ಚೊಕ್ಕಟವಾಗಿದ್ದವು. ಎಂದರೆ ಬಾಣವು ನಾವು ತಿಳಿದಂತೆ ನೆಟ್ಟಗೆ ಹೋಗದೆ, ನೀರುಹಾವಿನಂತೆ ಬಳುಕಿ ಬಿಲ್ಲನ್ನು ತಪ್ಪಿಸಿಕೊಂಡು ಹೋಗುತ್ತದೆ! ಪಟ್ಟಿಗಳನ್ನು ಮತ್ತೆ ಸುತ್ತಿದ ಹಿಡಿಯಲ್ಲಿ ಬೂದಿ ಗರಿಯವರೆಗೂ ಮೆತ್ತಿತ್ತು. ಬಳುಕಿದರೂ ತಪ್ಪಿಸಿಕೊಳ್ಳಲಾರದೆ ಉಜ್ಜಿಕೊಂಡು ಹೋಗಿತ್ತು. ಅರುವತ್ತೆಂಟು ವರ್ಷ ವಯಸ್ಸಾದ ಮೇಲೆ ಇದನ್ನು ಕಂಡು ನಾನು ಹಿತ್ತಲಿನಲ್ಲಿ ಚಪ್ಪಾಳೆ ತಟ್ಟಿದೆನೆಂದರೆ ನೀನು ನಗಬಹುದು.

ಮುಷ್ಟಿಯ ವಿಷಯವನ್ನು ತಿಳಿಸಿಕೊಟ್ಟವನು ದೊಡ್ಡಬೀರಯ್ಯ. ಹಿಡಿ ದಪ್ಪವಾದಾಗ ಬೆರಳತುದಿ ಅಂಗೈಯನ್ನು ಮುಟ್ಟುವುದಿಲ್ಲ. ಜಾರೀತೆಂಬ ಅಂಜಿಕೆಯಿಂದ ಕೈ ತಾನಾಗಿಯೇ ಬಿಗಿಯುತ್ತದೆ. ಬಿಗಿದ ಕೈ, ಹೆದೆ ಬಿಟ್ಟೊಡನೆ ಬಿಲ್ಲನ್ನು ತಿರುಚುತ್ತದೆ. ಬರಿಯ ಹಿಡಿಯನ್ನು ಹಿಡಿದು ನೋಡಿ ಅವನು, “ಕುರಿಮರಿ ಕತ್ತು ಇಡ್ದಂಗೆ ಇಡ್ದ್ರೆ ಸಾಕು ಸ್ವಾಮಿ. ಅಮುಕುದ್ರೆ ಒದ್ದಾಡ್ತದೆ, ಬುಟ್ರೆ ಓಡೋಯ್ತದೆ” ಎಂದ. ಆಮೇಲೆ ಬಿಲ್ಲನ್ನು ಕಣ್ಣಿಗೊತ್ತಿಕೊಂಡು, “ಅಯ್ಯೋ ಸಿವನೇ, ಉಚ್ಚೀರಣ್ಣನ ಬಾಯ್ಗೆ ಮಣ್ಣಾಕ್ಬುಟ್ನಲ್ಲಾ!” ಎಂದು ಅಲ್ಲಿಯೇ ಕುಳಿತುಬಿಟ್ಟ. ಮಣ್ಣು ಹಾಕಿದವನು ಅವನಲ್ಲ.

ಪಟ್ಟಿಗಳ ಕೆಳಗೆ ಇನ್ನೊಂದು ಸಂಗತಿ ಕಂಡಿತು. ಹಿಡಿಯ ಎಡಮಗ್ಗುಲನ್ನು ನೀನು ಬಲಮಗ್ಗುಲಿಗಿಂತ ಒಂದು ಭತ್ತದ ಕಾಳಿನಷ್ಟು ಹೆಚ್ಚು ಕೆತ್ತಿರುವೆ. ಕಣ್ಣಿಗೆ ತೋರದು, ದಾರ ಹಿಡಿದು ಅಳೆದರೆ ತಿಳಿಯುತ್ತದೆ. ಬಾಣದ ಮೂತಿ ನಡುವಿಗೆ ಹತ್ತಿರವಾಗಲೆಂದು ಮಾಡಿದ ಕೆಲಸವೇ ಇದು? ಇದನ್ನು ನಿನಗೆ ಯಾರು ಕಲಿಸಿದರು? ನಿನ್ನ ತಂದೆಯೆ, ಅಥವಾ ನಿನ್ನ ಕೈಯೇ ಕಂಡುಕೊಂಡಿತೆ? ಇಷ್ಟು ಸೂಕ್ಷ್ಮವಾದ ಕೆಲಸವನ್ನು ಮೊದಲ ದಿನವೇ ಬಟ್ಟೆಯಿಂದ ಮುಚ್ಚಿ, ಮುಚ್ಚಿದುದನ್ನು ಪೂಜೆಯೆಂದು ಕರೆದವನು ನಾನು. ಉತ್ತರವನ್ನು ಬರೆಯಲು ಮನಸ್ಸಿಲ್ಲದಿದ್ದರೂ ಈ ಒಂದು ಪ್ರಶ್ನೆಗೆ ಮಾತ್ರ ಎರಡು ಸಾಲು ಬರೆ.

ಕಳೆದ ವಾರ ದೊಡ್ಡಬೀರಯ್ಯ ಆಂಜನೇಯಸ್ವಾಮಿಗೆ ಹರಕೆ ಸಲ್ಲಿಸಲು ಮುತ್ತತ್ತಿಗೆ ಬಂದಿದ್ದನಷ್ಟೆ. ನಿನ್ನ ಹರಿಗೋಲಿನಲ್ಲಿ ಕುಳಿತಾಗ ಕಾಲ ಕೆಳಗಿನ ಬಿದಿರನ್ನು ನೋಡಿ, ಇದು ಹರಿಗೋಲಿಗೆ ಹಾಕುವ ಬಿದಿರಲ್ಲವೆಂದು ಗುರುತಿಸಿದನಂತೆ. ಬಿಲ್ಲಿಗೆಂದು ಅಟ್ಟದ ಮೇಲಿಟ್ಟು, ಎಂಟು ವರ್ಷ ಹೊಗೆ ಕುಡಿದು ಹದಗೊಂಡಿದ್ದ ಹನ್ನೆರಡು ಬಿದಿರುಗಳನ್ನು ನೀನು ಶಿವರಾತ್ರಿಯ ಹಿಂದಿನ ದಿನ ಸೀಳಿ ಹರಿಗೋಲಿಗೆ ಹೆಣೆದೆಯಂತೆ. ಅವನು ಕೇಳಿದ್ದಕ್ಕೆ, “ನೀರು ಸೊಟ್ಟ ನೆಟ್ಟ ಅಂತ ನೋಡಾಕಿಲ್ಲ ಕಣ್ಲಾ, ತೇಲುದ್ರೆ ಸಾಕು” ಎಂದೆಯಂತೆ. ಈ ಮಾತನ್ನು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಬಿಲ್ಲಿನ ನಿಜವು ಶಿವರಾತ್ರಿಗೆ ಮೊದಲೇ ನನಗೆ ತಿಳಿದಿದ್ದರೆ, ಓಡಿಬಂದು ನಿನ್ನ ಮಚ್ಚನ್ನು ಹಿಡಿದುಕೊಳ್ಳುತ್ತಿದ್ದೆ.

ಅಕ್ಟೋಬರ್ ಹದಿನೈದು, ಸೋಮವಾರ, ವಿಜಯದಶಮಿ. ಅಂದು ಹುಣಿಸೆಯ ಮರದಡಿಯಲ್ಲಿ, ಮದ್ದೂರಿನವರೂ ನಿಡಘಟ್ಟದವರೂ ಸೇರಿದ ಮೇಲೆ, ಬಾಣ ಬಿಡುವುದಕ್ಕೆ ಮೊದಲು ನಾನು ನನ್ನ ಹಳೆಯ ಪತ್ರವನ್ನು ಓದಿ, ಅದರ ಒಂದೊಂದು ಸಾಲೂ ಸುಳ್ಳೆಂದು ಹೇಳಲಿದ್ದೇನೆ. ಆ ಬಿಲ್ಲನ್ನು ಬರಿಯ ಹಿಡಿಯಲ್ಲೇ ಎತ್ತಿಸುತ್ತೇನೆ. ನೀನು ಬರಬೇಕು. ಮತ್ತೆ ಬಿಲ್ಲು ಮಾಡೆಂದು ಕೇಳುವ ಅಧಿಕಾರ ನನಗಿಲ್ಲ. ನಿನ್ನ ಹೆಸರು ಎಲ್ಲಿ ಕೆಟ್ಟಿತೋ ಅಲ್ಲಿಯೇ ನೆಟ್ಟಗಾಗುವಾಗ ನೀನು ಎದುರಿಗಿರಬೇಕೆಂಬುದಷ್ಟೇ ಆಸೆ.

ನಿನ್ನ ಮುಖವನ್ನು ನೋಡಲು ಅಂಜುತ್ತಲೂ ಹಂಬಲಿಸುತ್ತಲೂ ಇರುವ,
ಚಿಕ್ಕಮಾದಯ್ಯ

ಬರೆದ ಮೇಲೆ: ಪತ್ರವನ್ನು ಮಡಿಸುವ ಮುನ್ನ ಮೀನಾಕ್ಷಮ್ಮನಿಗೆ ಓದಿಹೇಳಿದೆ. ಅವಳು ಪೂರ್ತಿಯಾಗಿ ಕೇಳಿ, “ಎಲ್ಲಾ ಸರಿ. ದಿನಗೋಳ್ನ ಮಾತ್ರ ಸರ್ಯಾಗಿ ಬರೀರಿ” ಎಂದು ಎದ್ದುಹೋದಳು. ಆದುದರಿಂದ ಎರಡು ಪತ್ರಗಳ ದಿನಗಳನ್ನೂ ಇಲ್ಲಿ ತಿದ್ದುತ್ತೇನೆ.

ಬಿದಿರು ಕಡಿದುದು: ಆಷಾಢದಲ್ಲಿ ಅಲ್ಲ. ಧಾತು ಸಂವತ್ಸರದ ಪುಷ್ಯ ಬಹುಳದಲ್ಲಿ, ೧೯೩೭ನೆಯ ಇಸವಿಯ ಚಳಿಗಾಲ. ನಾನು ಜೊತೆಯಲ್ಲಿದ್ದೆ, ಬುಡವನ್ನು ಹಿಡಿದುಕೊಂಡಿದ್ದವನು ನಾನೇ.

ಬಿಲ್ಲನ್ನು ಒಪ್ಪಿಸಿದುದು: ಅದೇ ೧೯೩೭ರ ಆಯುಧಪೂಜೆಯಂದು, ಒಂಬತ್ತು ತಿಂಗಳು ಒಣಗಿಸಿದ ಮೇಲೆ.

ಪಟ್ಟಿಗಳನ್ನು ಮೊದಲ ಸಲ ಬಿಚ್ಚಿದುದು: ಈ ಗೋಕುಲಾಷ್ಟಮಿಯ ಮರುದಿನವಲ್ಲ. ಕಳೆದ ವರ್ಷ, ತಾರಣ ಸಂವತ್ಸರದ ಕಾರ್ತಿಕ ಬಹುಳ ಬಿದಿಗೆ, ಗುರುವಾರ, ೨–೧೧–೧೯೪೪. ನಾನೊಬ್ಬನೇ ಬಿಚ್ಚಿ, ಹನ್ನೆರಡು ಹೆಜ್ಜೆಯಿಂದ ನಾನೇ ಬಾಣ ಬಿಟ್ಟು, ಅದು ನೆಟ್ಟಗೆ ಹೋದುದನ್ನು ನೋಡಿ, ಎಂಟನ್ನೂ ಅದೇ ಕ್ರಮದಲ್ಲಿ ಮತ್ತೆ ಸುತ್ತಿಟ್ಟೆ. ಮೀನಾಕ್ಷಮ್ಮನ ಹೊರತು ಯಾರಿಗೂ ತಿಳಿಯದು.

ನೀನು ಹನ್ನೆರಡು ಬಿದಿರುಗಳನ್ನು ಸೀಳಿದುದು: ಶಿವರಾತ್ರಿಯ ಹಿಂದಿನ ದಿನ, ೧೦–೨–೧೯೪೫. ಇದು ಸರಿಯಾಗಿದೆ.

ಕೊನೆಯ ಈ ಎರಡು ದಿನಗಳ ನಡುವೆ ನೂರು ದಿನಗಳಿವೆ. ಮಳವಳ್ಳಿಯಿಂದ ಮುತ್ತತ್ತಿಗೆ ಗಾಡಿಯಲ್ಲಿ ಒಂದು ಹಗಲಿನ ದಾರಿ.