ಮೂಳೆ ಬಿಟ್ಟು ಬಾರದವರು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಆಸ್ಪತ್ರೆಯ ಕಾಫಿ. ತಮ್ಮನಿಗೆ ಮತ್ತೆ ನ್ಯುಮೋನಿಯಾ. ವಾರ್ಡಿನಲ್ಲಿ ಅವನದು ಖಾಯಂ ಹುದ್ದೆ; ನೇಮಕಾತಿ ಆದೇಶವೊಂದೇ ಬಾಕಿ. ಎರಡೂ ಕೈಗಳ ಮೇಲೆ ನರಹುಲಿ. “ಅಕ್ಕಾ, ಮನೇಲಿ ಕೈತುಂಬಾ ಸಂಪಾದನೆ ನಂದೊಬ್ಬಂದೇ” ಅಂದ, ಕೆಮ್ಮಿನ ನಡುವೆ.

ಅಮ್ಮ ಆ ಕೈಗಳ ಮೇಲೆ ಹೊದಿಕೆ ಎಳೆದಳು. “ಮಣ್ಣಲ್ಲಿ ಆಡ್ಬೇಡ ಅಂದ್ರೆ ಕೇಳಿದ್ನಾ?” ಇಪ್ಪತ್ತಾರು ವರ್ಷದವನಿಗೆ! ಮೈ ಉರಿಯಿತು.

ಮಾರ್ಚ್ 6

ಹೊಸ ಡಾಕ್ಟರಮ್ಮ. ಕೊನೆಗೂ ಒಬ್ಬರು ಮೂಳೆಮಜ್ಜೆ ತೆಗೆದು ನೋಡಿದರು. ಬಿಳಿ ರಕ್ತಕಣಗಳು ಅಲ್ಲಿ ಕಿಕ್ಕಿರಿದಿವೆ, ರಕ್ತದಲ್ಲಿ ಬರ. ಕಣದ ಮೈಮೇಲೊಂದು ರಿಸೆಪ್ಟರ್ ಪ್ರೋಟೀನ್ — ಸಿಎಕ್ಸ್‌ಸಿಆರ್4. ‘ಇಲ್ಲೇ ಇರು’ ಎಂದು ಮೂಳೆ ಕಳಿಸುವ ಸಂದೇಶ ಕೇಳುವ ಕಿವಿ. ಕೇಳಿದ ಮೇಲೆ ಮುಚ್ಚಿಕೊಳ್ಳಬೇಕು. ಇವನದು ಮುಚ್ಚುವುದಿಲ್ಲ ಎಂಬ ಅನುಮಾನ. ಸೈನ್ಯವಿದೆ, ಮನೆ ಬಿಡದು; ಅದಕ್ಕೇ ನ್ಯುಮೋನಿಯಾ, ಅದಕ್ಕೇ ನರಹುಲಿ. ಆ ಕಿವಿಗೆ ಹತ್ತಿ ತುರುಕುವ ಮಾತ್ರೆಯೂ ಇದೆಯಂತೆ.

“ತಂದೆ ಅಥವಾ ತಾಯಿಯಿಂದ ಬಂದಿರಬಹುದು. ಮನೇಲಿ ಬೇರೆ ಯಾರಿಗಾದ್ರೂ ನರಹುಲಿ…”

“ಯಾರಿಗೂ ಇಲ್ಲ,” ಅಮ್ಮ. ಕೇಳಿ ಮುಗಿಯುವ ಮೊದಲೇ.

ಮಾರ್ಚ್ 29

ಜೀನ್ ವರದಿ ಬಂತು. ತಪ್ಪೊಂದು ಸಿಕ್ಕಿದೆ, ಆದರೆ ಹಿಂದೆ ಯಾರೂ ಕಾಣದ ತಪ್ಪು; ರೋಗಕ್ಕೆ ಅದೇ ಕಾರಣವೆಂಬ ಖಾತ್ರಿಯಿಲ್ಲ. ಅದೇ ತಪ್ಪು, ಅದೇ ಲಕ್ಷಣ, ಮನೆಯ ಇನ್ನೊಬ್ಬರಲ್ಲೂ ಇದ್ದರೆ ಮಾತ್ರ ಮಾತ್ರೆ. ತಮ್ಮ ಆಕ್ಸಿಜನ್ ಮೇಲೆ.

ಅಮ್ಮನ ಕಪಾಟಿನಲ್ಲಿ, ಸೋಪುಗಳ ಹಿಂದೆ, ನರಹುಲಿ ಸುಡುವ ಔಷಧಿ. ಅರ್ಧ ಖಾಲಿ. ಮನೆಯೊಳಗೂ ಕಾಲುಚೀಲ ಬಿಚ್ಚದವಳು! ಶೀತ ಪ್ರಕೃತಿಯಂತೆ.

“ಪಾದ ತೋರ್ಸು.”

“ನಿಮ್ಮಪ್ಪ ಸಾಯೋವರೆಗೂ ನೋಡಿರ್ಲಿಲ್ಲ ಕಣೇ.”

“ಅವನು ಅಲ್ಲಿ ಉಸಿರು ಎಳೀತಿದ್ದಾನೆ. ನೀನಿಲ್ಲಿ ಕಾಲುಚೀಲ ಎಳ್ಕೋತಿದ್ದೀಯ.”

“ನನ್ನಿಂದ ಬಂತು ಅಂತ ಅವನಿಗೆ ಯಾವ ಬಾಯಲ್ಲಿ ಹೇಳ್ಲಿ?”

ತಟ್ಟೆ ಎಸೆದೆ. ಸ್ಟೀಲು. ಒಡೆಯುವ ಸಮಾಧಾನವನ್ನೂ ಕೊಡಲಿಲ್ಲ.

ಮಾರ್ಚ್ 30

ಅಮ್ಮ ರಕ್ತ ಕೊಟ್ಟಳು. ತಮ್ಮನ ಮಂಚದ ಅಂಚಿಗೆ ಕೂತು ಕಾಲುಚೀಲ ಬಿಚ್ಚಿದಳು. ಅವನು ಮಾಸ್ಕ್ ಸರಿಸಿ ನೋಡಿದ. “ನನ್ನ ಕೈ, ನಿನ್ನ ಕಾಲು. ಸೇರಿಸಿದ್ರೆ ಒಬ್ಬ ಪೂರ್ತಿ ರೋಗಿ ಆಗ್ತಾನಮ್ಮ.” ಅವಳು ಅತ್ತಳು. ನನಗೆ ಇನ್ನೂ ಸಿಟ್ಟು. ಇಷ್ಟು ವರ್ಷ! ಬಾಯಿ ಬಿಟ್ಟಿದ್ದರೆ…

ಡಾಕ್ಟರಮ್ಮ ನನ್ನತ್ತ ತಿರುಗಿದರು. “ನಿಮ್ಮ ರಕ್ತಾನೂ ತಗೊಳ್ಳೋಣ. ನಿಮಗೇನಾದ್ರೂ…”

“ಏನೂ ಇಲ್ಲ,” ಅಂದೆ. ಕೇಳಿ ಮುಗಿಯುವ ಮೊದಲೇ. ಎಡಗೈ ಜೇಬಿನಲ್ಲಿತ್ತು.

ಹೆಬ್ಬೆರಳಿನ ಈ ಗಂಟು ಪೆನ್ನು ಹಿಡಿದೂ ಹಿಡಿದೂ ಬಂದದ್ದು. ಯಾರು ಕೇಳಿದರೂ ಹಾಗೇ ಹೇಳುತ್ತ ಬಂದಿದ್ದೇನೆ. ಈಗಲೂ ಬರೆಯುತ್ತಿದ್ದೇನೆ. ಬಲಗೈಯಲ್ಲಿ—